ಯಾವ ಯಂತ್ರದ ಲೋಕಲ್‌ಹೋಸ್ಟ್?

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಜಿಪಿಯು (ಭಾರಿ ಲೆಕ್ಕಾಚಾರಕ್ಕೆ ಬಳಸುವ ಚಿಪ್) ಇರುವ ಸರ್ವರ್ ಒಂದೇ. ಎಂ.ಟೆಕ್ ಮಾಡುವವರು, ಪಿಎಚ್‌ಡಿ ಮಾಡುವವರು ಎಲ್ಲ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಪ್ರೋಗ್ರಾಂ) ಮೂಲಕ ಅದಕ್ಕೆ ಲಾಗಿನ್ ಆಗಿ ಜುಪಿಟರ್ ನೋಟ್‌ಬುಕ್ (ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ಸಾಧನ) ಓಡಿಸುತ್ತಾರೆ. ಸರ್ವರ್ ನೋಡಿಕೊಳ್ಳುವುದೂ ಅದರ ಕೈಪಿಡಿ ಬರೆಯುವುದೂ ನನ್ನ ಕೆಲಸ. ಆ ಕೈಪಿಡಿಯಲ್ಲಿ ಅತಿ ಹೆಚ್ಚು ಪ್ರಶ್ನೆ ಹುಟ್ಟಿಸುವ ಪುಟ ಪೋರ್ಟ್ ಫಾರ್ವರ್ಡಿಂಗ್‌ನದು. ಪೋರ್ಟ್ ಎಂದರೆ ಯಂತ್ರದಲ್ಲಿ ಒಂದು ಪ್ರೋಗ್ರಾಂ ಕಾಯುವ, ಸಂಖ್ಯೆ ಹಾಕಿದ ಬಾಗಿಲು; ಒಂದು ಯಂತ್ರದ ಬಾಗಿಲಿಗೆ ಬಂದದ್ದನ್ನು ಮತ್ತೊಂದರ ಬಾಗಿಲಿಗೆ ದಾಟಿಸುವುದು ಫಾರ್ವರ್ಡಿಂಗ್. ಈ ಸೆಮಿಸ್ಟರ್ ಅದನ್ನು ಬುಡದಿಂದ ಮತ್ತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಓಡುವ ಸಾಫ್ಟ್‌ವೇರಿಗೆ ದಾಖಲೆ ಬರೆಯುವ ಬೇರೆಯವರಿಗೂ ಉಪಯೋಗವಾದೀತು ಎಂದು ಹೇಗೆ ಬರೆದೆ, ಯಾಕೆ ಹಾಗೆ ಬರೆದೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಎಲ್ಲ ಟ್ಯುಟೋರಿಯಲ್‌ಗಳಲ್ಲೂ ಸಿಗುವ ಕಮಾಂಡ್ ಇದು (ಎಲ್ ಇಂಗ್ಲಿಷಿನ ದೊಡ್ಡಕ್ಷರ):

ಎಸ್‌ಎಸ್‌ಎಚ್ -ಎಲ್ 8888:ಲೋಕಲ್‌ಹೋಸ್ಟ್:8888 ಹೆಸರು@ಸರ್ವರ್

ಕಮಾಂಡ್ ಸರಿಯಾಗಿಯೇ ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಇದರಿಂದ ಓದುಗ ಏನನ್ನೂ ಕಲಿಯಲಾರ. ಎರಡು 8888 ಇವೆ, ಯಾವುದು ಲ್ಯಾಪ್‌ಟಾಪಿನದು, ಯಾವುದು ಸರ್ವರಿನದು? ಲೋಕಲ್‌ಹೋಸ್ಟ್ ಎಂದರೆ 'ಇದೇ ಯಂತ್ರ', ಅದರ ವಿಳಾಸ 127.0.0.1. ನಡುವೆ ಇರುವ ಲೋಕಲ್‌ಹೋಸ್ಟ್ ಯಾರದು? ಲ್ಯಾಪ್‌ಟಾಪಿನ ಮುಂದೆ ಕೂತವರು ಅದನ್ನು ತಮ್ಮ ಲ್ಯಾಪ್‌ಟಾಪ್ ಎಂದೇ ಓದಿಕೊಳ್ಳುತ್ತಾರೆ. ಅದು ಸಹಜ. ನಿಜದಲ್ಲಿ ಆ ಹೆಸರನ್ನು ಬಿಡಿಸಿ ನೋಡುವುದು ಆಚೆ ತುದಿಯ ಸರ್ವರ್. ಫೋನಿನಲ್ಲಿ ಬೆಳಗಾವಿಯ ಗೆಳೆಯನಿಗೆ "ಪಕ್ಕದ ಮನೆ ಬಾಗಿಲು ಬಡಿ" ಎಂದರೆ ಅವನು ತನ್ನ ಪಕ್ಕದ ಮನೆಗೆ ಹೋಗುತ್ತಾನೆಯೇ ಹೊರತು ನಿಮ್ಮ ಪಕ್ಕದ ಮನೆಗಲ್ಲ.

ಓಪನ್‌ಎಸ್‌ಎಸ್‌ಎಚ್‌ನ (ಹೆಚ್ಚಾಗಿ ಬಳಕೆಯಲ್ಲಿರುವ ಎಸ್‌ಎಸ್‌ಎಚ್ ತಂತ್ರಾಂಶ) ಮ್ಯಾನ್ ಪುಟದಲ್ಲಿ, ಅಂದರೆ ಅದರ ಜೊತೆಗೇ ಬರುವ ಕೈಪಿಡಿಯಲ್ಲಿ, ಈ ವಿಷಯ ಇದೆ. ಲೋಕಲ್ ಕಡೆಯ ಪೋರ್ಟಿಗೆ ಬಂದ ಸಂಪರ್ಕವನ್ನು ರಿಮೋಟ್ ಕಡೆಯ ಹೋಸ್ಟ್ ಮತ್ತು ಪೋರ್ಟಿಗೆ ಕಳಿಸಲಾಗುವುದು ಎಂಬ ಅರ್ಥದ ಒಂದೇ ಉದ್ದನೆಯ ವಾಕ್ಯ. ಗೊತ್ತಿದ್ದವರು ಓದಿದರೆ ಅದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಗೊತ್ತಿಲ್ಲದವರಿಗೆ 'ರಿಮೋಟ್ ಕಡೆ' ಎನ್ನುವ ಎರಡೇ ಪದಗಳ ಮೇಲೆ ಎಲ್ಲ ಭಾರ ಬಿದ್ದಿದೆ ಎಂಬುದು ತಿಳಿಯುವುದಿಲ್ಲ. ವಿಚಿತ್ರವೆಂದರೆ, ಪ್ರೋಟೊಕಾಲ್ (ಎರಡು ಯಂತ್ರಗಳು ಮಾತಾಡುವ ನಿಯಮ) ಬರೆದವರು ಇದನ್ನು ಹೆಚ್ಚು ನಿಚ್ಚಳವಾಗಿ ಬರೆದಿದ್ದಾರೆ. ಇಂಟರ್ನೆಟ್ಟಿನ ಇಂಥ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ದಾಖಲೆಗಳಲ್ಲಿ, 2006ರ ಆರ್‌ಎಫ್‌ಸಿ 4254ರ ಏಳನೇ ಭಾಗ ತೆಗೆದು ನೋಡಿ. ಹೊಸ ಸಂಪರ್ಕ ಬೇಕೆಂದು ಕೇಳುವ ಸಂದೇಶದಲ್ಲಿ ಯಾವ ಹೋಸ್ಟಿಗೆ ಹೋಗಬೇಕು, ಅದರ ಯಾವ ಪೋರ್ಟಿಗೆ, ಕೇಳಿದವರ ಐಪಿ ಯಾವುದು, ಅವರ ಪೋರ್ಟ್ ಯಾವುದು ಎಂದು ನಾಲ್ಕು ವಿವರಗಳನ್ನು ಬಿಡಿಬಿಡಿಯಾಗಿ ಇಟ್ಟಿದ್ದಾರೆ. ಬಳಸುವವರ ಕೈಗೆ ಬರುವ ಹೊತ್ತಿಗೆ ಅದೆಲ್ಲ ಎರಡು ಕೋಲನ್‌ಗಳ ನಡುವೆ ಮಡಚಿಕೊಂಡಿದೆ. ಅದನ್ನು ಮತ್ತೆ ಬಿಚ್ಚಿ ಹರಡುವುದೇ ಕೈಪಿಡಿ ಬರೆಯುವವರ ಕೆಲಸ ಎಂದು ನಾನು ನಂಬಿದ್ದೇನೆ.

ಹಾಗಾಗಿ ನಮ್ಮ ಪುಟದ ಕಮಾಂಡಿನಲ್ಲಿ ಎರಡು ಸಂಖ್ಯೆಗಳೂ ಬೇರೆಬೇರೆ:

ಎಸ್‌ಎಸ್‌ಎಚ್ -ಎಲ್ 9001:ಲೋಕಲ್‌ಹೋಸ್ಟ್:8888 ಹೆಸರು@ಸರ್ವರ್

ಅದರ ಕೆಳಗೆ ಮೂರು ವಾಕ್ಯ. ನಿಮ್ಮ ಲ್ಯಾಪ್‌ಟಾಪ್ 9001ರಲ್ಲಿ ಕಾಯುತ್ತದೆ. ಅಲ್ಲಿಗೆ ಬಂದದ್ದನ್ನು ಎಸ್‌ಎಸ್‌ಎಚ್ ಗೂಢಲಿಪಿಯಲ್ಲಿ ಸರ್ವರಿಗೆ ಒಯ್ಯುತ್ತದೆ. ಸರ್ವರ್ ತನ್ನದೇ 8888ಕ್ಕೆ ಹೊಸ ಸಂಪರ್ಕ ತೆರೆಯುತ್ತದೆ. 'ಪೋರ್ಟ್ ಫಾರ್ವರ್ಡ್ ಆಗುತ್ತದೆ' ಎಂದು ಬರೆದರೆ ಮಾಡುವವರು ಯಾರೆಂದು ಕಾಣುವುದೇ ಇಲ್ಲ. ಕಾಯುವವರು ಯಾರು, ಒಯ್ಯುವವರು ಯಾರು, ಕೊನೆಗೆ ಬಾಗಿಲು ತಟ್ಟುವವರು ಯಾರು ಎಂದು ಹೆಸರು ಹಿಡಿದು ಹೇಳಬೇಕು.

ಇಷ್ಟು ತಲೆಗೆ ಹೋದರೆ ಮೂರನೇ ಯಂತ್ರದ ವಿಷಯ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಡೇಟಾಬೇಸ್ ಬೇರೊಂದು ಯಂತ್ರದಲ್ಲಿದೆ, ಅದನ್ನು ಸರ್ವರಿನಿಂದ ಮಾತ್ರ ಮುಟ್ಟಬಹುದು ಎಂದುಕೊಳ್ಳಿ. ಲೋಕಲ್‌ಹೋಸ್ಟ್ ಇದ್ದ ಕಡೆ ಅದರ ವಿಳಾಸ ಬರೆದರಾಯಿತು: -ಎಲ್ 9002:192.0.2.15:5432. ಆದರೆ ಇಲ್ಲಿ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಎಸ್‌ಎಸ್‌ಎಚ್ ಕಾಪಾಡುವುದು ಲ್ಯಾಪ್‌ಟಾಪಿನಿಂದ ಸರ್ವರಿನವರೆಗಿನ ದಾರಿಯನ್ನು ಮಾತ್ರ. ಸರ್ವರಿನಿಂದ ಡೇಟಾಬೇಸಿನವರೆಗೆ ಹೋಗುವ ದತ್ತಾಂಶಕ್ಕೆ ಅದರ ರಕ್ಷಣೆ ಇಲ್ಲ. ಅಂದಹಾಗೆ ಆ 192.0.2 ಎಂಬ ವಿಳಾಸ ನಾನು ಬಾಯಿಗೆ ಬಂದಂತೆ ಬರೆದದ್ದಲ್ಲ. ಉದಾಹರಣೆಗಳಿಗೆಂದೇ ಮೂರು ವಿಳಾಸ ಗುಂಪುಗಳನ್ನು ಕಾದಿರಿಸಿದ್ದಾರೆ (192.0.2, 198.51.100, 203.0.113 ಎಂದು ಶುರುವಾಗುವವು). 2010ರ ಆರ್‌ಎಫ್‌ಸಿ 5737 ಅದನ್ನು ದಾಖಲಿಸುತ್ತದೆ. ಯಾರೋ ಕಾಪಿ ಮಾಡಿ ಹಾಗೆಯೇ ಓಡಿಸಿದರೂ ಮತ್ತೊಬ್ಬರ ಯಂತ್ರಕ್ಕೆ ಹೋಗಿ ಬಡಿಯುವುದಿಲ್ಲ.

ಇನ್ನು ಮೌನದ ವಿಷಯ. -ಎನ್ (ಇದೂ ದೊಡ್ಡಕ್ಷರ) ಎಂಬ ಫ್ಲ್ಯಾಗ್ ಹಾಕಿದರೆ ಸರ್ವರಿನಲ್ಲಿ ಯಾವ ಕಮಾಂಡೂ ಓಡುವುದಿಲ್ಲ, ಫಾರ್ವರ್ಡಿಂಗ್ ಮಾತ್ರ ನಡೆಯುತ್ತದೆ. ಪಾಸ್‌ವರ್ಡ್ ಕೊಟ್ಟ ಮೇಲೆ ತೆರೆಯ ಮೇಲೆ ಒಂದು ಸಾಲೂ ಬರುವುದಿಲ್ಲ. ಹೊಸಬರು ಇದನ್ನು ಕಂಡು ಕಂಟ್ರೋಲ್-ಸಿ ಒತ್ತಿಬಿಡುತ್ತಾರೆ.

"ಸರ್, ಕಮಾಂಡ್ ಹೊಡದೇರಿ, ಸುಮ್ನ ನಿಂತೈತ್ರಿ, ಏನೂ ಬರವಲ್ದ್ರಿ."

"ನಿಂತೈತಿ ಅಂದ್ರ ಕೆಲಸ ನಡದೈತಿ ತಮ್ಮಾ. ಅದನ್ನ ಹಂಗ ಬಿಟ್ಟು ಬ್ರೌಸರ್ ತಗಿ."

ಪ್ರತಿ ಸೆಮಿಸ್ಟರಿನ ಮೊದಲ ವಾರ ನಡೆಯುವ ಮಾತುಕತೆ ಇದು. ಆದ್ದರಿಂದ ಈಗ ಪ್ರತಿ ಕಮಾಂಡಿನ ಕೆಳಗೆ 'ಸರಿಯಾಗಿ ಓಡಿದರೆ ನಿಮಗೆ ಕಾಣುವುದು' ಎಂದು ಒಂದು ಸಾಲು ಇದೆ. ಏನೂ ಕಾಣದಿದ್ದರೆ, ಏನೂ ಕಾಣುವುದಿಲ್ಲ ಎಂದೇ ಬರೆದಿದ್ದೇನೆ. ಕುಬರ್ನೆಟಿಸ್‌ನ (ಹಲವು ಯಂತ್ರಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನಿಭಾಯಿಸುವ ತಂತ್ರಾಂಶ) ಪೋರ್ಟ್-ಫಾರ್ವರ್ಡ್ ಕಮಾಂಡ್ ಈ ವಿಷಯದಲ್ಲಿ ಬಹಳ ಒಳ್ಳೆಯದು. ಓಡಿಸಿದ ತಕ್ಷಣ 127.0.0.1ರ ಇಂಥ ಪೋರ್ಟಿನಿಂದ ಒಳಗಿನ ಇಂಥ ಪೋರ್ಟಿಗೆ ಎಂದು ಬಾಣದ ಗುರುತು ಹಾಕಿ ತೋರಿಸುತ್ತದೆ. ಸಾಫ್ಟ್‌ವೇರೇ ಇಷ್ಟು ಹೇಳಿದರೆ ಕೈಪಿಡಿಯ ಅರ್ಧ ಪುಟ ಉಳಿಯುತ್ತದೆ.

ಜುಪಿಟರ್‌ನದು ಬೇರೆಯೇ ತೊಡಕು. ಅದು ಸಾಮಾನ್ಯವಾಗಿ 8888ರಲ್ಲಿ ಏಳುತ್ತದೆ. ಅಲ್ಲಿ ಆಗಲೇ ಯಾರಾದರೂ ಇದ್ದರೆ 8889ಕ್ಕೆ ಹೋಗುತ್ತದೆ. ನಮ್ಮಂಥ ಹಂಚಿಕೊಂಡ ಸರ್ವರಿನಲ್ಲಿ ಇದು ದಿನನಿತ್ಯದ ಸಂಗತಿ. ಎದ್ದ ಮೇಲೆ ಟೋಕನ್ (ಪಾಸ್‌ವರ್ಡಿನಂಥ ಗುಟ್ಟಿನ ಅಕ್ಷರಸಾಲು) ಸೇರಿದ ಒಂದು ಲಿಂಕ್ ಅಚ್ಚು ಹಾಕುತ್ತದೆ. ಅದರಲ್ಲಿರುವುದು ಸರ್ವರಿನ ಲೋಕಲ್‌ಹೋಸ್ಟ್, ಸರ್ವರಿನ ಪೋರ್ಟ್. ವಿದ್ಯಾರ್ಥಿ ಅದನ್ನು ಹಾಗೆಯೇ ಲ್ಯಾಪ್‌ಟಾಪಿನ ಬ್ರೌಸರಿಗೆ ಅಂಟಿಸುತ್ತಾನೆ. ಎರಡೂ ತುದಿಯಲ್ಲಿ ಒಂದೇ ಸಂಖ್ಯೆ ಇದ್ದರೆ ಪುಟ ತೆರೆಯುತ್ತದೆ, ಹೇಗೆ ತೆರೆಯಿತೆಂದು ಅವನಿಗೆ ತಿಳಿಯುವುದಿಲ್ಲ. ಬೇರೆ ಇದ್ದರೆ ತೆರೆಯುವುದಿಲ್ಲ. ಅದಕ್ಕೇ ನಮ್ಮ ಪುಟದಲ್ಲಿ ಲಿಂಕನ್ನು ಪೂರ್ತಿ ಬರೆದು, 8889 ಇದ್ದ ಜಾಗವನ್ನು ಬಣ್ಣ ಮಾಡಿ ತೋರಿಸಿದ್ದೇನೆ: ಇದನ್ನು ಅಳಿಸಿ 9001 ಬರೆಯಿರಿ, ಟೋಕನ್ ಮುಟ್ಟಬೇಡಿ. ಕಮಾಂಡಿನ ಬಲಗಡೆಯ ಸಂಖ್ಯೆ ಮಾತ್ರ ಜುಪಿಟರ್ ತೋರಿಸಿದ 8889ಕ್ಕೆ ಹೊಂದಬೇಕು. ಹಳೆಯ 8888 ಅಲ್ಲೇ ಉಳಿದರೆ ತೆರೆಯುವುದು ಮತ್ತೊಬ್ಬರ ನೋಟ್‌ಬುಕ್ಕಿನ ಲಾಗಿನ್ ಪುಟ. ಟೋಕನ್ ಇಲ್ಲದೆ ಒಳಗೆ ಬಿಡುವುದಿಲ್ಲ ನಿಜ. ಆದರೆ ಲಾಗಿನ್ ಪುಟದವರೆಗೂ ಬರಬಹುದು ಎಂಬುದೇ ಗಮನಿಸಬೇಕಾದ ಮಾತು. ಹಲವರು ಲಾಗಿನ್ ಆಗಿರುವ ಯಂತ್ರದಲ್ಲಿ 127.0.0.1 ಎಂದರೆ ಖಾಸಗಿ ಎಂದಲ್ಲ, ಆ ಯಂತ್ರದಲ್ಲಿರುವ ಎಲ್ಲರಿಗೂ ಅದು ಸಿಗುತ್ತದೆ. ಟೋಕನ್ ತೆಗೆದುಹಾಕಿ ಓಡಿಸಿ ಎಂದು ಸಲಹೆ ಕೊಡುವ ಬರಹಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ದೋಷ ಸಂದೇಶಗಳಿಗೆ ಕೈಪಿಡಿಯಲ್ಲಿ ಜಾಗ ಕೊಡಬೇಕೆಂಬುದು ನನ್ನ ಹಟ. ಜನ ಕೈಪಿಡಿ ತೆರೆಯುವುದು ಏನಾದರೂ ಕೈಕೊಟ್ಟಾಗಲೇ. ತೆರೆಯ ಮೇಲೆ ಕಂಡ ಸಾಲನ್ನು ಹುಡುಕಿದರೆ ಅದೇ ಅಕ್ಷರಗಳು ಪುಟದಲ್ಲಿ ಸಿಗಬೇಕು.

'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಎಂದು ಬಂದರೆ ತೊಂದರೆ ಈಚೆ ತುದಿಯದು, ಲ್ಯಾಪ್‌ಟಾಪಿನ 9001 ಖಾಲಿ ಇಲ್ಲ. ಬಹಳ ಸಲ ನಿನ್ನೆಯ ಎಸ್‌ಎಸ್‌ಎಚ್ ಇನ್ನೂ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಇದರ ಅಪಾಯ ಏನೆಂದರೆ, ಸಂದೇಶ ಕೊಟ್ಟ ಮೇಲೂ ಎಸ್‌ಎಸ್‌ಎಚ್ ನಿಲ್ಲುವುದಿಲ್ಲ, ಲಾಗಿನ್ ಮುಂದುವರಿಯುತ್ತದೆ. ಸರ್ವರಿನ ಸ್ವಾಗತ ಸಾಲುಗಳ ನಡುವೆ ಎಚ್ಚರಿಕೆ ಮುಚ್ಚಿಹೋಗುತ್ತದೆ. ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಎಂಬ ಆಯ್ಕೆಗೆ 'ಯೆಸ್' ಕೊಟ್ಟರೆ ಅಲ್ಲೇ ನಿಲ್ಲುತ್ತದೆ. ಅದನ್ನು ನಮ್ಮ ಎಲ್ಲ ಉದಾಹರಣೆಗಳಲ್ಲೂ ಸೇರಿಸಿದ್ದೇನೆ. ಇದು ಹಿಡಿಯುವುದು ಕಾಯಲು ಜಾಗ ಸಿಗದಿದ್ದಾಗ ಮಾತ್ರ. ಆಚೆ ತುದಿಯಲ್ಲಿ ಜುಪಿಟರ್ ಸತ್ತಿದ್ದರೆ ಇದಕ್ಕೆ ಗೊತ್ತಾಗುವುದಿಲ್ಲ.

ಆಗ ಬರುವುದು 'ಚಾನೆಲ್ 3: ಓಪನ್ ಫೇಲ್ಡ್: ಕನೆಕ್ಟ್ ಫೇಲ್ಡ್: ಕನೆಕ್ಷನ್ ರಿಫ್ಯೂಸ್ಡ್'. ಇದನ್ನು ಕಂಡವರೆಲ್ಲ ಎಸ್‌ಎಸ್‌ಎಚ್ ಕೊರೆದ ಸುರಂಗವೇ ಕುಸಿಯಿತು ಎಂದುಕೊಳ್ಳುತ್ತಾರೆ. ಸುರಂಗ ಚೆನ್ನಾಗಿದೆ ಎನ್ನುವುದಕ್ಕೆ ಈ ಸಾಲೇ ಸಾಕ್ಷಿ! ಸರ್ವರ್ ತನ್ನ 8888ನ್ನು ತಟ್ಟಿ, ಅಲ್ಲಿ ಯಾರೂ ಇಲ್ಲ ಎಂದು ನಿಮಗೆ ವರದಿ ಕಳಿಸಿದೆ. ಎಸ್‌ಎಸ್‌ಎಚ್ ಬಿಟ್ಟು ಜುಪಿಟರ್ ನೋಡಿ. 'ಅಡ್ಮಿನಿಸ್ಟ್ರೇಟಿವ್ಲಿ ಪ್ರೊಹಿಬಿಟೆಡ್' ಎಂದಿದ್ದರೆ ಸರ್ವರಿನ ಸೆಟ್ಟಿಂಗಿನಲ್ಲೇ ಫಾರ್ವರ್ಡಿಂಗ್ ತಡೆದಿದ್ದಾರೆ ಎಂದರ್ಥ, ನಿಮ್ಮ ಕಮಾಂಡ್ ತಿದ್ದಿ ಪ್ರಯೋಜನವಿಲ್ಲ, ಅಡ್ಮಿನ್ ಹತ್ತಿರ ಹೋಗಿ.

-ಎಲ್‌ನ ತಿರುಗುಮುರುಗು ರೂಪವಾದ -ಆರ್ (ದೊಡ್ಡಕ್ಷರ) ಬಗ್ಗೆ ಹೆಚ್ಚು ಬರೆದಿಲ್ಲ, ನಮ್ಮಲ್ಲಿ ಅದರ ಬಳಕೆ ಕಡಿಮೆ. ಇಲ್ಲಿ ಕಾಯುವುದು ಸರ್ವರ್, ಬಾಗಿಲು ತಟ್ಟುವುದು ನಿಮ್ಮ ಲ್ಯಾಪ್‌ಟಾಪ್. ಆದ್ದರಿಂದ ನಡುವಿನ ಲೋಕಲ್‌ಹೋಸ್ಟ್ ಈಗ ನಿಮ್ಮದು. ಸರ್ವರ್ ಕಾಯುವುದೂ ತನ್ನ ಲೂಪ್‌ಬ್ಯಾಕ್ ವಿಳಾಸದಲ್ಲಿ, ಅಂದರೆ ಲೋಕಲ್‌ಹೋಸ್ಟಿನಲ್ಲಿ ಮಾತ್ರ. ಹೊರಗಿನವರಿಗೂ ಕಾಣಬೇಕೆಂದರೆ ಸರ್ವರಿನ ಗೇಟ್‌ವೇಪೋರ್ಟ್ಸ್ ಸೆಟ್ಟಿಂಗ್ ಬದಲಾಗಬೇಕು. ಬಳಸುವವರು ಕಮಾಂಡಿನಲ್ಲಿ ಏನೇ ವಿಳಾಸ ಬರೆದರೂ ಸರ್ವರ್ 'ನೋ' ಎಂದಿದ್ದರೆ ನೋ ಅಷ್ಟೇ. ಈ ಸುರಕ್ಷಿತ ಸ್ವಭಾವ ನನಗೆ ಬಹಳ ಇಷ್ಟ.

ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಡಾಕರ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ, ಅದನ್ನು ಅದೇ ಪುಟದಲ್ಲಿ ಪಕ್ಕಪಕ್ಕ ಇಟ್ಟು ಬರೆಯದಿದ್ದರೆ ಅನ್ಯಾಯ. -ಪಿ 9003:80 (ಇಲ್ಲಿ ಪಿ ಸಣ್ಣಕ್ಷರ) ಎಂದರೆ ಕಂಟೇನರ್ ಓಡುವ ಆತಿಥೇಯ ಯಂತ್ರದ ಎಲ್ಲ ವಿಳಾಸಗಳಲ್ಲೂ 9003 ತೆರೆದುಕೊಳ್ಳುತ್ತದೆ. ಡಾಕರ್ ತನ್ನದೇ ಐಪಿಟೇಬಲ್ಸ್ (ಲಿನಕ್ಸ್‌ನಲ್ಲಿ ಯಾವ ಸಂಪರ್ಕ ಬಿಡಬೇಕೆಂದು ತೀರ್ಮಾನಿಸುವ ವ್ಯವಸ್ಥೆ) ನಿಯಮಗಳನ್ನು ಹಾಕಿಕೊಳ್ಳುವುದರಿಂದ ಯುಎಫ್‌ಡಬ್ಲ್ಯು ಫೈರ್‌ವಾಲಿನಲ್ಲಿ ಮುಚ್ಚಿದ್ದೇವೆ ಎಂದುಕೊಂಡ ಪೋರ್ಟೂ ಹೊರಗೆ ಸಿಗುತ್ತದೆ. 127.0.0.1:9003:80 ಎಂದು ಬರೆದರೆ ಮಾತ್ರ ಒಳಗೇ ಉಳಿಯುತ್ತದೆ. ಆದ್ದರಿಂದ ಕೈಪಿಡಿಯ ಮೊದಲ ಉದಾಹರಣೆಯೇ ಈ ಉದ್ದನೆಯ ರೂಪದಲ್ಲಿರಬೇಕು. ಗಿಡ್ಡ ರೂಪವನ್ನು ಮೊದಲು ಕೊಟ್ಟು ಎಚ್ಚರಿಕೆಯನ್ನು ಕೆಳಗೆಲ್ಲೋ ಇಟ್ಟರೆ ಜನ ಮೊದಲು ಸಿಕ್ಕಿದ್ದನ್ನೇ ಕಾಪಿ ಮಾಡುತ್ತಾರೆ. ಕಂಟೇನರಿನ ಒಳಗೂ ಒಂದು ಲೋಕಲ್‌ಹೋಸ್ಟ್ ಇದೆ ಎಂಬುದನ್ನೂ ಹೇಳಬೇಕು. ಒಳಗಿನ ಪ್ರೋಗ್ರಾಂ 127.0.0.1ರಲ್ಲಿ ಮಾತ್ರ ಕಾಯುತ್ತಿದ್ದರೆ -ಪಿ ಹಾಕಿ ಫಲವಿಲ್ಲ, ಅದು 0.0.0.0ಯಲ್ಲಿ, ಅಂದರೆ ಎಲ್ಲ ವಿಳಾಸಗಳಲ್ಲೂ, ಕಾಯಬೇಕು. ಡಾಕರ್‌ಫೈಲಿನಲ್ಲಿ (ಕಂಟೇನರನ್ನು ಹೇಗೆ ಕಟ್ಟಬೇಕೆಂದು ಬರೆದ ಕಡತ) ಎಕ್ಸ್‌ಪೋಸ್ ಎಂದು ಬರೆದಷ್ಟಕ್ಕೇ ಯಾವ ಪೋರ್ಟೂ ಹೊರಗೆ ತೆರೆಯುವುದಿಲ್ಲ.

ಮಿತಿಗಳನ್ನು ನೇರವಾಗಿ ಬರೆಯುವುದನ್ನು ಕುಬರ್ನೆಟಿಸ್ ದಾಖಲೆಯಿಂದ ಕಲಿಯಬೇಕು. ದತ್ತಾಂಶ ಸಾಗಿಸುವ ಎರಡು ವಿಧಾನಗಳಲ್ಲಿ ಪೋರ್ಟ್-ಫಾರ್ವರ್ಡ್ ಟಿಸಿಪಿಗೆ ಮಾತ್ರ, ಯುಡಿಪಿಗೆ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಆರಿಸಿಕೊಂಡ ಪಾಡ್ (ಅದರಲ್ಲಿ ಕಂಟೇನರುಗಳು ಓಡುವ ಘಟಕ) ಮುಗಿದರೆ ಸಂಪರ್ಕವೂ ಮುಗಿಯುತ್ತದೆ, ಕಮಾಂಡ್ ಮತ್ತೆ ಓಡಿಸಬೇಕು ಎಂದೂ ಇದೆ. ಇಂಥ ಒಂದು ಸಾಲು ಇಲ್ಲದ ಕಡೆ ಜನ ಇಡೀ ಮಧ್ಯಾಹ್ನ ಕಳೆದುಕೊಳ್ಳುತ್ತಾರೆ. ಮುಕ್ತ ತಂತ್ರಾಂಶಕ್ಕೆ ಏನಾದರೂ ಕೊಡಬೇಕು, ಆದರೆ ಕೋಡ್ ಬರೆಯಲು ಅಂಜಿಕೆ ಎನ್ನುವ ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತೇನೆ: ನಿಮ್ಮನ್ನು ಕಾಡಿದ ಒಂದು ದೋಷ ಸಂದೇಶ, ಅದರ ಅರ್ಥ, ಯಾವ ತುದಿಯಲ್ಲಿ ನೋಡಬೇಕು ಎಂಬ ಮೂರು ಸಾಲು ಕಳಿಸಿ.

ಸದ್ಯ ಬಾಕಿ ಇರುವುದು ವಿಂಡೋಸ್‌ನ ಭಾಗ. ಅದರ ಟರ್ಮಿನಲ್ಲಾದ ಪವರ್‌ಶೆಲ್‌ನಲ್ಲಿ ಈಗ ಎಸ್‌ಎಸ್‌ಎಚ್ ಸಿಗುವುದರಿಂದ ಮೇಲಿನ ಕಮಾಂಡುಗಳೇ ನಡೆಯುತ್ತವೆ. ಪುಟ್ಟಿ ಎಂಬ ಹಳೆಯ ಎಸ್‌ಎಸ್‌ಎಚ್ ಪ್ರೋಗ್ರಾಂ ಬಿಡಲಾರದವರು ಇನ್ನೂ ಇದ್ದಾರೆ. ಅದರ ಟನಲ್ಸ್ ಪುಟದಲ್ಲಿ ಸೋರ್ಸ್ ಪೋರ್ಟ್ ಎಂದರೆ ನಮ್ಮ 9001, ಡೆಸ್ಟಿನೇಷನ್ ಎಂದರೆ ಲೋಕಲ್‌ಹೋಸ್ಟ್:8888. ಎರಡನ್ನೂ ತುಂಬಿ 'ಆ್ಯಡ್' ಗುಂಡಿ ಒತ್ತದೆ ನೇರವಾಗಿ 'ಓಪನ್' ಒತ್ತಿದರೆ ಲಾಗಿನ್ ಆಗುತ್ತದೆ, ಫಾರ್ವರ್ಡಿಂಗ್ ಮಾತ್ರ ಇರುವುದಿಲ್ಲ. ಆ ಗುಂಡಿಗೆ ಕೆಂಪು ಸುತ್ತು ಹಾಕಿದ ಚಿತ್ರವನ್ನು ಈ ವಾರ ಕೈಪಿಡಿಗೆ ಸೇರಿಸುತ್ತೇನೆ.