ಬಿಡ್ರಿ ಅಲ್ಲ, ಬಿಡೋ

ದಾವಣಗೆರೆಯ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಮಹಿಳೆಯರಿಗೆ ಉಚಿತ ಆತ್ಮರಕ್ಷಣಾ ತರಬೇತಿ ನಡೆಯಲಿದೆ ಎಂಬ ಕರಪತ್ರವನ್ನು ಹಾಲಿನ ಅಂಗಡಿಯ ಗೋಡೆಯ ಮೇಲೆ ಕಂಡಾಗ, ಮಗಳಿಗೆ ಹೇಳಬೇಕೆಂದು ಅದನ್ನು ಓದಿಕೊಂಡೆ. ಎಂಟು ಭಾನುವಾರ ಅಲ್ಲಿಗೆ ಹೋದವಳು ಮಾತ್ರ ನಾನು. ಮಗಳಿಗೆ ಅದೆಲ್ಲ ಶಾಲೆಯಲ್ಲೇ ಆಗಿತ್ತು. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೇ ತರಗತಿಯವರೆಗಿನ ಹೆಣ್ಣುಮಕ್ಕಳಿಗೆ ಮೂರು ತಿಂಗಳ ತರಬೇತಿ ಕೊಡುತ್ತಾರೆ. ವಸತಿ ಶಾಲೆ, ಹಾಸ್ಟೆಲುಗಳ ವಿದ್ಯಾರ್ಥಿನಿಯರಿಗೆ ಓಬವ್ವನ ಹೆಸರಿನಲ್ಲಿ ರಾಜ್ಯ ಸರ್ಕಾರದ್ದೇ ಒಂದು ಕಾರ್ಯಕ್ರಮವಿದೆ. ಶಾಲೆ ಬಿಟ್ಟು ಮೂವತ್ತು ವರ್ಷ ಕಳೆದ ನನ್ನಂಥವರನ್ನು ಕರೆದದ್ದು ಹಾಲಿನ ಅಂಗಡಿಯ ಆ ಗೋಡೆಯೊಂದೇ.

ಮೊದಲ ಭಾನುವಾರ ಬೆಳಿಗ್ಗೆ ಬಂದವರು ಒಂಬತ್ತು ಜನ. ಉಚಿತವೆಂದರೂ ಜನ ಬರುವುದಿಲ್ಲ ಎಂದು ಆಯೋಜಕರು ಬೇಸರಪಟ್ಟುಕೊಂಡರು. ಆದರೆ ನಮ್ಮ ಬೀದಿಗಳಿಗೆ ನಲ್ಲಿ ನೀರು ಬರುವುದೇ ಆ ಹೊತ್ತಿಗೆ ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ವೇಳೆಯನ್ನು ಮಧ್ಯಾಹ್ನ ಮೂರಕ್ಕೆ ಬದಲಿಸಿದ ಮೇಲೆ ಮೂವತ್ತು ಜನ ಸೇರಿದೆವು. ಅವರಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ನಾಲ್ವರಿದ್ದರು. ಅವರ ಮಣಿಕಟ್ಟು ಹಿಡಿದು ನೋಡಿದ ತರಬೇತಿಯ ಮೇಡಂ, ಬಲದ ಪಾಠ ಇವರಿಗೆ ಬೇಡ ಎಂದು ನಕ್ಕುಬಿಟ್ಟರು.

ಉದ್ಘಾಟನೆಯ ದಿನ ಭಾಷಣ ಮಾಡಿದವರೆಲ್ಲರೂ ಪಕ್ಕದ ಚಿತ್ರದುರ್ಗದ ಒನಕೆ ಓಬವ್ವನನ್ನು ನೆನೆದರು. ಆದರೆ ಕೋಟೆಯ ಕಿಂಡಿಯ ಬಳಿ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸಿದ ಓಬವ್ವ, ಹೊರಗಿದ್ದವರಿಗೆ ಸುಳಿವು ಸಿಗದಂತೆ ಸದ್ದಿಲ್ಲದೆ ಆ ಕೆಲಸ ಮಾಡಿದಳೆಂದೇ ಐತಿಹ್ಯ ಹೇಳುವುದು. ನಮಗೆ ಕಲಿಸಿದ ಮೊದಲ ಪಾಠವಾದರೋ ಕಿರುಚುವುದು.

ಮೇಡಂ ಒಬ್ಬೊಬ್ಬರ ಕೈಯನ್ನೂ ಬಿಗಿಯಾಗಿ ಹಿಡಿದು, ಬಿಡಿಸಿಕೊಳ್ಳುವ ಮೊದಲು ಬಾಯಿ ಬಿಟ್ಟು ಹೇಳಿ ಎಂದರು. ನಮ್ಮ ಹಿಂದಿನ ಬೀದಿಯ, ಅರವತ್ತರ ಹತ್ತಿರದ ಹಿರಿಯರೊಬ್ಬರು ಕೈ ಜಗ್ಗುತ್ತಾ, “ಬಿಡ್ರೀ” ಎಂದರು. ಭವನವೆಲ್ಲ ನಗೆ. “ಕೈ ಹಿಡಿದವನಿಗೆ ಮರ್ಯಾದೆ ಯಾಕ್ರಮ್ಮ? ಬಿಡ್ರಿ ಅಲ್ಲ, ಬಿಡೋ ಅನ್ರಿ” ಎಂದರು ಮೇಡಂ. ಆಮೇಲೆ ನಮ್ಮ ಸರದಿ ಬಂದಾಗ ನಗು ನಿಂತುಹೋಯಿತು, ಏಕೆಂದರೆ ಹತ್ತರಲ್ಲಿ ಆರು ಜನರ ಬಾಯಿಂದ ಹೊರಟದ್ದು ಅದೇ “ಬಿಡ್ರಿ”. ನಾನೂ ಅವರಲ್ಲೊಬ್ಬಳು.

ಇದನ್ನು ಬರಿಯ ತಮಾಷೆ ಎಂದುಕೊಂಡಿದ್ದೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳ ಪ್ರಕಾರ ನಮ್ಮ ದೇಶದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ ಆಗಿರುತ್ತಾನೆ. ಎಂದರೆ ನಾವು ದಿನವೂ “ರೀ” ಎಂದು ಮಾತನಾಡಿಸುವ ಭಾವ, ಮನೆ ಮಾಲೀಕ, ಮೇಲ್ವಿಚಾರಕ ಅಥವಾ ಪಕ್ಕದ ಮನೆಯ ಯಜಮಾನ. ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ಶಾರ್ಲೀನ್ ಸೆನ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯವನ್ನೇ ಮುಟ್ಟುತ್ತದೆ. ಹನ್ನೆರಡು ಗಂಟೆಗಳ ಆ ತರಬೇತಿಯಲ್ಲಿ ಹೊಡೆತ, ಒದೆತಗಳದು ಒಂದು ಭಾಗವಷ್ಟೇ. ಪರಿಚಿತನ ನಡವಳಿಕೆಯಲ್ಲಿ ಅಪಾಯವನ್ನು ಗುರುತಿಸುವುದು ಮತ್ತು ಅವನನ್ನು ಎದುರಿಸಲು ಮನಸ್ಸೇ ಒಡ್ಡುವ ಅಡ್ಡಿಗಳನ್ನು ದಾಟುವುದು ಉಳಿದ ಪಾಠ. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾಗುವ ಸಂಭವವು ತರಬೇತಿ ಪಡೆಯದವರಲ್ಲಿ ಶೇ 9.8 ಇದ್ದರೆ, ಪಡೆದವರಲ್ಲಿ ಶೇ 5.2ಕ್ಕೆ ಇಳಿದಿತ್ತು. ಹಾಗೆಂದು ತಪ್ಪಿಸಿಕೊಳ್ಳಲಾಗದವಳ ಮೇಲೆ ಹೊಣೆ ಹೊರಿಸುವವರಿಗೆ ಈ ಲೆಕ್ಕ ಒದಗಬಾರದು, ಅಪರಾಧ ಅಪರಾಧಿಯದೇ.

ಪಟ್ಟುಗಳ ವಿಷಯಕ್ಕೆ ಬಂದರೆ, ನಮಗೆ ಕಲಿಸಿದ್ದು ಬೆರಳೆಣಿಕೆಯಷ್ಟು. ಮಣಿಕಟ್ಟು ಹಿಡಿದವನ ಹೆಬ್ಬೆರಳಿನ ಕಡೆಗೇ ಕೈ ತಿರುಗಿಸಿ ಎಳೆದುಕೊಳ್ಳಬೇಕು, ಹಿಡಿತ ಸಡಿಲವಿರುವುದು ಅಲ್ಲಿಯೇ. ಜಡೆ ಹಿಡಿದರೆ ದೂರ ಸರಿಯಲು ಜಗ್ಗದೆ, ಅವನ ಕೈಯನ್ನೇ ಎರಡೂ ಕೈಗಳಿಂದ ತಲೆಗೆ ಒತ್ತಿಕೊಂಡು ಬಾಗಿ ತಿರುಗಬೇಕು. ಸೀರೆ ಉಟ್ಟವರಿಗೆ ಮೊಣಕಾಲೆತ್ತಿ ಹೊಡೆಯುವುದು ಆಗದ ಮಾತಾದ್ದರಿಂದ ಹಿಮ್ಮಡಿಯಲ್ಲಿ ಅವನ ಪಾದ ತುಳಿಯುವುದನ್ನೂ ಮೊಣಕೈ ಬೀಸುವುದನ್ನೂ ಹೆಚ್ಚು ಅಭ್ಯಾಸ ಮಾಡಿದೆವು. ಬಿಡಿಸಿಕೊಂಡ ಮೇಲೆ ನಿಂತು ಜಗಳವಾಡದೆ ಓಡಬೇಕು, 112ಕ್ಕೆ ಕರೆ ಮಾಡಬೇಕು. ಬೈಕಿನಲ್ಲಿ ಬರುವ ಸರಗಳ್ಳರ ವಿಷಯದಲ್ಲಿ ಮಾತ್ರ ವಾದವೇ ನಡೆಯಿತು. ಸರ ಹೋದರೆ ಹೋಗಲಿ, ಗಾಡಿಯ ಹಿಂದೆ ಎಳೆಸಿಕೊಳ್ಳಬೇಡಿ ಎಂದು ಮೇಡಂ ಹೇಳಿದ್ದನ್ನು, ತಾಳಿಯ ಮಾತು ಬಂದ ಕೂಡಲೇ ಅರ್ಧ ಜನ ಒಪ್ಪಲಿಲ್ಲ.

ಆರನೆಯ ವಾರ ವಕೀಲೆಯೊಬ್ಬರು ಬಂದಿದ್ದರು. ಹೊಡೆದರೆ ನಮ್ಮ ಮೇಲೆಯೇ ಕೇಸಾಗುತ್ತದೆಯೇ ಎಂಬ ಪ್ರಶ್ನೆಯನ್ನು ಎಲ್ಲರೂ ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದೆವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಸ್ವರಕ್ಷಣೆಯ ಹಕ್ಕನ್ನು ವಿವರಿಸುತ್ತವೆ ಎಂದೂ, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಪೆಟ್ಟು ಕೊಡುವಂತಿಲ್ಲ ಎಂದೂ, ಅತ್ಯಾಚಾರ ಅಥವಾ ಆ್ಯಸಿಡ್ ದಾಳಿಯ ಉದ್ದೇಶದಿಂದ ಮೇಲೆರಗಿದಾಗ ಆ ಹಕ್ಕು ದಾಳಿಕೋರನ ಪ್ರಾಣ ತೆಗೆಯುವವರೆಗೂ ವಿಸ್ತರಿಸಬಹುದು ಎಂದೂ ಅವರು ವಿವರಿಸಿದರು.

ಕೊನೆಯ ಭಾನುವಾರ ಮೇಡಂ ಮನೆ ಮಾಲೀಕನ ಪಾತ್ರ ವಹಿಸಿದರು. ಬಾಡಿಗೆಯ ಲೆಕ್ಕ ಕೇಳುತ್ತಾ ಹತ್ತಿರ ಬಂದು ಹೆಗಲ ಮೇಲೆ ಕೈ ಇಡುವುದು ಆ ಪಾತ್ರ. ಹಿಂದಿನ ಬೀದಿಯ ಆ ಹಿರಿಯರ ಸರದಿ ಬಂದಾಗ ನಾವೆಲ್ಲ “ಬಿಡೋ” ಎಂಬ ಮಾತಿಗಾಗಿ ಕಾದೆವು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣಲ್ಲಿ ಕಣ್ಣಿಟ್ಟು, “ಕೈ ತೆಗೀರಿ” ಎಂದರು. ಬಹುವಚನ ಹಾಗೆಯೇ ಇತ್ತು. ಆದರೆ ಆ ದನಿಗೆ ಹೊರಗೆ ಚಹಾ ಸೋಸುತ್ತಿದ್ದ ಹುಡುಗ ಕೆಲಸ ನಿಲ್ಲಿಸಿ ಒಳಗೆ ಇಣುಕಿದ. ಮೇಡಂ ಕೈ ತೆಗೆದರು, ತಿದ್ದಲಿಲ್ಲ.