ಮುಯ್ಯಾಳಿನ ಲೆಕ್ಕದಲ್ಲಿ ವಿದೇಶದ ಆಸ್ಪತ್ರೆ

ನಾಟಿ ಕಾಲದಲ್ಲಿ ಹಳ್ಳಿಗಳಲ್ಲಿ ಮುಯ್ಯಾಳು ಕಟ್ಟುತ್ತಾರೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತಿಲ್ಲ, ಆಳಿಗೆ ಆಳು. ಐಎಫ್‌ಎಂಎಸ್‌ಎ, ಅಂದರೆ ಮೆಡಿಕಲ್ ವಿದ್ಯಾರ್ಥಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಮೂಲಕ ಮೆಡಿಕಲ್ ವಿದ್ಯಾರ್ಥಿಗಳು ನಾಲ್ಕು ವಾರ ಬೇರೆ ದೇಶದ ಆಸ್ಪತ್ರೆಗೆ ಹೋಗಿಬರುವ ಎಕ್ಸ್‌ಚೇಂಜ್ ನಡೆಯುವುದೂ ಬಹುಮಟ್ಟಿಗೆ ಇದೇ ಲೆಕ್ಕದಲ್ಲಿ. ಅದನ್ನು ಟ್ರಾವೆಲ್ ಏಜೆನ್ಸಿ ಎಂದುಕೊಂಡು ಅರ್ಜಿ ಹಾಕಿದವರಿಗೆ ನಿರಾಸೆಯೇ ಗತಿ.

1951ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿದ ಒಕ್ಕೂಟ ಇದು. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ 1969ರಿಂದ ಅಧಿಕೃತ ಸಂಬಂಧವಿದೆ. ಇಲ್ಲಿ ಸದಸ್ಯತ್ವ ಇರುವುದು ವಿದ್ಯಾರ್ಥಿಗಳಿಗಲ್ಲ, ದೇಶಗಳ ವಿದ್ಯಾರ್ಥಿ ಸಂಘಗಳಿಗೆ. ಭಾರತದ ಪರವಾಗಿ ಇರುವುದು ಮೆಡಿಕಲ್ ಸ್ಟೂಡೆಂಟ್ಸ್ ಅಸೋಸಿಯೇಷನ್ ಆಫ್ ಇಂಡಿಯಾ. ಹಾಗಾಗಿ ನೇರವಾಗಿ ಅಂತರರಾಷ್ಟ್ರೀಯ ಕಚೇರಿಗೆ ಬರೆದು ಉಪಯೋಗವಿಲ್ಲ. ನಿಮ್ಮ ಕಾಲೇಜಿನ ಸ್ಥಳೀಯ ಸಮಿತಿಯ ಎಕ್ಸ್‌ಚೇಂಜ್ ಆಫೀಸರ್ ಹತ್ತಿರವೇ ಕೆಲಸ ಶುರುವಾಗಬೇಕು. ಒಕ್ಕೂಟದ ಆರು ಸ್ಥಾಯಿ ಸಮಿತಿಗಳಲ್ಲಿ ಎರಡು ಎಕ್ಸ್‌ಚೇಂಜ್‌ಗೇ ಮೀಸಲು: ವಾರ್ಡಿನ ಕೆಲಸಕ್ಕೆ ಸ್ಕೋಪ್, ಸಂಶೋಧನೆಗೆ ಸ್ಕೋರ್. ವೈದ್ಯಶಿಕ್ಷಣ, ಸಾರ್ವಜನಿಕ ಆರೋಗ್ಯ, ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ, ಮಾನವ ಹಕ್ಕು ಮತ್ತು ಶಾಂತಿ ಉಳಿದ ನಾಲ್ಕರ ಪಾಲಿಗೆ.

ವರ್ಷಕ್ಕೆರಡು ಮಹಾಸಭೆ, ಮಾರ್ಚ್ ಮತ್ತು ಆಗಸ್ಟ್‌ನಲ್ಲಿ. ಆಗಸ್ಟ್ ಸಭೆಯಲ್ಲಿ ದೇಶ ದೇಶಗಳು ಎದುರುಬದುರು ಕೂತು ಮುಂದಿನ ಸೀಸನ್‌ಗೆ ಒಪ್ಪಂದ ಮಾಡಿಕೊಳ್ಳುತ್ತವೆ. ಸೀಸನ್ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಾವು ಇಬ್ಬರನ್ನು ಕಳಿಸಿದರೆ ಅವರ ಇಬ್ಬರನ್ನು ನಾವು ಇಟ್ಟುಕೊಳ್ಳಬೇಕು. ಅತಿಥಿಗೆ ಉಳಿಯಲು ಜಾಗ, ದಿನಕ್ಕೆ ಕನಿಷ್ಠ ಒಂದು ಊಟ ಆತಿಥೇಯರ ಹೊಣೆ. ವಿಮಾನ, ವೀಸಾ, ವಿಮೆ ಹೋಗುವವರ ಖರ್ಚು. ಅರ್ಜಿಗೆ ಮುಂಚೆ ಆ ದೇಶದ ಎಕ್ಸ್‌ಚೇಂಜ್ ಕಂಡಿಷನ್ಸ್ ಪೂರ್ತಿ ಓದಿ. ಯಾವ ಭಾಷೆ ಬರಬೇಕು, ಯಾವ ತಿಂಗಳು ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಯಾವ ಲಸಿಕೆ ಬೇಕು, ಎಲ್ಲ ಅಲ್ಲೇ ಇರುತ್ತದೆ.

ನಮ್ಮ ಕಡೆಯವರಿಗೆ ಮೊದಲ ತೊಡಕು ಹೆಸರಿನದು. ಕಾಲೇಜು ದಾಖಲೆಯಲ್ಲಿ ಹೆಸರಿನ ಮುಂದೆ 'ಕೆ. ಎಸ್.' ಅಂತ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಬಿಡಿಸಿ ಬರೆದಿರುತ್ತದೆ. ಅರ್ಜಿಯಲ್ಲಿ ಕಾಲೇಜಿನಂತೆ ತುಂಬಿದರೆ ಕಾರ್ಡ್ ಆಫ್ ಅಕ್ಸೆಪ್ಟನ್ಸ್ ಕೂಡ ಹಾಗೆಯೇ ಬರುತ್ತದೆ. ಆಸ್ಪತ್ರೆ, ವಿಭಾಗ, ದಿನಾಂಕ ಹೇಳುವ ಆ ಒಪ್ಪಿಗೆ ಪತ್ರವನ್ನೇ ವೀಸಾಕ್ಕೆ ತೋರಿಸಬೇಕಾದ್ದು. ಹೆಸರು ತಾಳೆಯಾಗದಿದ್ದರೆ ತಿದ್ದುಪಡಿಗೆ ಓಡಾಡುವುದರಲ್ಲೇ ವಾರಗಳು ಹೋಗುತ್ತವೆ. ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ತುಂಬಿ. ಯೂರೋಪಿನ ಬಹುತೇಕ ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ. ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ವೀಸಾ ಕೈಗೆ ಬರುವ ಮುಂಚೆ ರದ್ದು ಮಾಡಲಾಗದ ಟಿಕೆಟ್ ಕೊಳ್ಳಬೇಡಿ.

ಎರಡನೆಯದು ಆರೋಗ್ಯದ ಕಾಗದ. ಟಿಬಿ ಇಲ್ಲವೆಂದು ತೋರಿಸಲು ಅನೇಕ ಆಸ್ಪತ್ರೆಗಳು ಮ್ಯಾಂಟೂ ಟೆಸ್ಟ್ (ಕೈಯ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ) ಕೇಳುತ್ತವೆ. ನಾವು ಹುಟ್ಟಿದಾಗಲೇ ಟಿಬಿ ಲಸಿಕೆ ಬಿಸಿಜಿ ಹಾಕಿಸಿಕೊಂಡವರು, ವಾರ್ಡಿನಲ್ಲಿ ಟಿಬಿ ರೋಗಿಗಳ ನಡುವೆ ಓಡಾಡುವವರು. ಕೈ ಮೇಲೆ ಗಂಟು ಎದ್ದರೆ ಆಶ್ಚರ್ಯವಿಲ್ಲ. ಅಂಥ ವರದಿ ಒಂದನ್ನೇ ಕಳಿಸಿದರೆ ಅಲ್ಲಿನವರು ಗಾಬರಿಯಾಗುತ್ತಾರೆ. ಬಿಸಿಜಿಯಿಂದ ಏರುಪೇರಾಗದ ಐಜಿಆರ್‌ಎ ರಕ್ತಪರೀಕ್ಷೆ ನಡೆಯುತ್ತದೆಯೇ ಎಂದು ಮೊದಲೇ ಕೇಳಿ, ಎದೆಯ ಎಕ್ಸ್‌ರೇ ಜೊತೆಗಿಡಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ ಕಾರ್ಡ್ ಸಾಲದೆ ರಕ್ತದಲ್ಲಿ ಅದರ ಪ್ರತಿಕಾಯ ಎಷ್ಟಿದೆ ಎಂದು ಹೇಳುವ ಆಂಟಿ-ಎಚ್‌ಬಿಎಸ್ ಟೈಟರ್ ಕೇಳುವವರಿದ್ದಾರೆ. ಅದು 10 mIU/mLಗಿಂತ ಕಡಿಮೆ ಇದ್ದರೆ ಬೂಸ್ಟರ್ ಬೇಕು, ಅದಕ್ಕೂ ಸಮಯ ಬೇಕು. ನಾರ್ವೆ, ನೆದರ್ಲೆಂಡ್ಸ್ ಥರದ ಕಡೆ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾದ ಸ್ವ್ಯಾಬ್ ನೆಗೆಟಿವ್ ಬರುವವರೆಗೆ ವಾರ್ಡಿನೊಳಗೆ ಬಿಡದಿರಬಹುದು. ಬ್ರೆಜಿಲ್‌ಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮುಂಚೆಯೇ ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಳ್ಳಬೇಕು. ಆ ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ನಮ್ಮ ದೇಶದ ಏರ್‌ಪೋರ್ಟಿನಲ್ಲೇ ಕ್ವಾರಂಟೈನ್ ಆಗಬಹುದು.

ಅಟೆಂಡೆನ್ಸ್ ಮರೆಯಬೇಡಿ. ಎಂಬಿಬಿಎಸ್ ಪರೀಕ್ಷೆಗೆ ಥಿಯರಿಯಲ್ಲಿ 75, ಪ್ರಾಕ್ಟಿಕಲ್‌ನಲ್ಲಿ 80 ಪರ್ಸೆಂಟ್ ಬೇಕೇ ಬೇಕು. ಪೋಸ್ಟಿಂಗ್ ನಡುವೆ ನಾಲ್ಕು ವಾರ ಹೋದರೆ ಶಾರ್ಟೇಜ್ ಖಂಡಿತ. ಪ್ರಿನ್ಸಿಪಾಲರ ಅನುಮತಿ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ತೆಗೆದುಕೊಳ್ಳಿ.

ನಮ್ಮ ಕಾಲೇಜುಗಳು ಸೋಲುವುದು ಕಳಿಸುವುದರಲ್ಲಲ್ಲ, ಕರೆಸಿಕೊಳ್ಳುವುದರಲ್ಲಿ. ಅರ್ಜಿ ಹಾಕಲು ಸಾಲು ನಿಲ್ಲುತ್ತದೆ, ಹಾಸ್ಟೆಲ್ ವಾರ್ಡನ್ ಹತ್ತಿರ ಒಂದು ರೂಮ್ ಕೇಳಲು ಯಾರೂ ಹೋಗುವುದಿಲ್ಲ. ಹೀಗಾದರೆ ಮುಂದಿನ ವರ್ಷ ಸೀಟು ಕೇಳಲು ಮುಖವೆಲ್ಲಿದೆ? ರೂಮ್ ಮತ್ತು ಮೆಸ್ ಮೊದಲು ಗಟ್ಟಿ ಮಾಡಿಕೊಳ್ಳಿ. ವಿದೇಶಿ ವಿದ್ಯಾರ್ಥಿ ಬಂದ 24 ಗಂಟೆಯೊಳಗೆ ಅವರು ಉಳಿದಿರುವ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಸಲ್ಲಿಸುವುದು ಉಳಿಸಿಕೊಂಡವರ ಕಾನೂನುಬದ್ಧ ಜವಾಬ್ದಾರಿ. ವಾರ್ಡನ್‌ಗೆ ಇದನ್ನು ಮುಂಚೆಯೇ ತಿಳಿಸಿರಬೇಕು. ಯಾವ ಬಗೆಯ ವೀಸಾ ಬೇಕೆಂದು ಬರುವವರು ತಮ್ಮ ದೇಶದ ಭಾರತೀಯ ರಾಯಭಾರ ಕಚೇರಿಯಿಂದ ಬರಹದಲ್ಲೇ ತಿಳಿದುಕೊಳ್ಳಲಿ. ವಿಭಾಗದಲ್ಲಿ ಒಬ್ಬ ಡಾಕ್ಟರು ಟ್ಯೂಟರ್ ಆಗಿ ಒಪ್ಪಿರಬೇಕು. ಶೇ. 80 ಹಾಜರಾತಿ ಇಲ್ಲದೆ ಅತಿಥಿಗೆ ಎಕ್ಸ್‌ಚೇಂಜ್ ಸರ್ಟಿಫಿಕೇಟ್ ಸಿಗುವುದಿಲ್ಲವಾದ್ದರಿಂದ ಲಾಗ್‌ಬುಕ್ ಸಹಿಯನ್ನು ಕೊನೆಯ ದಿನಕ್ಕೆ ಉಳಿಸಬೇಡಿ. ಅವತ್ತೇ ಟ್ಯೂಟರ್ ರಜೆಯಲ್ಲಿರುತ್ತಾರೆ.

ಇನ್ನು ರೌಂಡ್ಸ್. ರೋಗಿ ಕನ್ನಡದಲ್ಲಿ ಹೇಳುತ್ತಾರೆ, ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ ಡಾಕ್ಟರು) ಕನ್ನಡದಲ್ಲಿ ಕೇಳುತ್ತಾರೆ, ವಿದೇಶದಿಂದ ಬಂದ ಹುಡುಗಿ ಮಂಚದ ಕಾಲ ಹತ್ತಿರ ಸುಮ್ಮನೆ ನಿಂತಿರುತ್ತಾಳೆ. ಹತ್ತು ದಿನ ಹೀಗೆ ನಿಂತರೆ ಹನ್ನೊಂದನೆಯ ದಿನ ಅವಳು ವಾರ್ಡಿಗೆ ಬರದೆ ಹಂಪಿಗೆ ಹೋಗುತ್ತಾಳೆ, ಅದು ಅವಳ ತಪ್ಪಲ್ಲ. ಪ್ರತಿ ಬೆಡ್ ಹತ್ತಿರ ಎರಡು ಸಾಲಿನಲ್ಲಿ ಹಿಸ್ಟರಿಯನ್ನು ಇಂಗ್ಲಿಷಿನಲ್ಲಿ ಹೇಳಲು ಒಬ್ಬ ಇಂಟರ್ನ್ ಅನ್ನು ಗೊತ್ತುಮಾಡಿ. ಮೊದಲ ದಿನವೇ ಅವಳಿಗೆ ಮೂರು ಮಾತು ಬರೆದುಕೊಡಿ: 'ನೋವು ಎಲ್ಲಿದೆ?', 'ಉಸಿರು ಎಳ್ಕೊಳ್ಳಿ', 'ಮುಟ್ಟಿ ನೋಡ್ಲಾ ಅಮ್ಮ?'