ಟ್ರಯಲ್ಸ್‌ನಲ್ಲಿ ಫಸ್ಟ್ ಬಂದರೂ ತಂಡದಲ್ಲಿ ಯಾಕಿಲ್ಲ?

"ಸರ್, ಟ್ರಯಲ್ಸ್ ಅಂತ ಮಾಡ್ತಾರೆ, ಅಂಕ ಕೊಡ್ತಾರೆ. ಮೇಲಿಂದ ಐದು ಹೆಸರು ಬರ್ಕೊಂಡ್ರೆ ತಂಡ ಆಯ್ತಲ್ವಾ? ಅದಕ್ಕೆ ಮತ್ತೆ ಕಮಿಟಿ ಯಾಕೆ?"

ವಿರಾಜಪೇಟೆ ಕಡೆ ಶಾಲಾ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುವ ನನ್ನನ್ನು ಪೋಷಕರು ಜಾಸ್ತಿ ಕೇಳುವ ಪ್ರಶ್ನೆ ಇದು. ಒಲಿಂಪಿಕ್ಸ್ ಬಂದ ವರ್ಷವಂತೂ ಹಾಕಿ ಮ್ಯಾಚ್ ನೋಡಲು ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ಪ್ರಶ್ನೆಯ ಹಿಂದೆ ಒಂದು ಅನುಮಾನ ಇರುತ್ತೆ: ಕಮಿಟಿ ಅಂದರೆ ವಶೀಲಿ ಅಂತ. ಆ ಅನುಮಾನ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಆದರೆ ವಶೀಲಿ ಒಂಚೂರೂ ಇಲ್ಲದ ಕಡೆಯೂ ಮೇಲಿನ ಐದು ಹೆಸರೇ ತಂಡ ಆಗಬೇಕಾಗಿಲ್ಲ. ಅದು ಲೆಕ್ಕದ ವಿಷಯ.

ಹೆಣ್ಣುಮಕ್ಕಳ ಜಿಮ್ನಾಸ್ಟಿಕ್ಸ್‌ನಲ್ಲಿ ನಾಲ್ಕು ವಿಭಾಗ: ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವುದು), ಅನ್‌ಈವನ್ ಬಾರ್ಸ್ (ಬೇರೆ ಬೇರೆ ಎತ್ತರದ ಎರಡು ಅಡ್ಡ ಸರಳು), ಬೀಮ್ (ಕಿರಿದಾದ ತೊಲೆ), ಫ್ಲೋರ್ (ನೆಲದ ಮೇಲೆ). ಗಂಡುಮಕ್ಕಳಿಗೆ ಆರು: ಫ್ಲೋರ್, ಪಾಮೆಲ್ ಹಾರ್ಸ್ (ಹಿಡಿಕೆ ಇರುವ ದಿಮ್ಮಿಯ ಮೇಲೆ ಕೈಯೂರಿ ಕಾಲು ಸುತ್ತಿಸುವುದು), ರಿಂಗ್ಸ್, ವಾಲ್ಟ್, ಪ್ಯಾರಲಲ್ ಬಾರ್ಸ್, ಹೈ ಬಾರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತಂಡಕ್ಕೆ 5 ಜನ. ಅರ್ಹತಾ ಸುತ್ತಿನಲ್ಲಿ ಒಂದೊಂದು ವಿಭಾಗಕ್ಕೆ 4 ಜನ ಇಳಿಯುತ್ತಾರೆ, 3 ಒಳ್ಳೆಯ ಅಂಕ ಲೆಕ್ಕಕ್ಕೆ ಬರುತ್ತೆ. ಫೈನಲ್‌ನಲ್ಲಿ ಮಾತ್ರ 3 ಜನವೇ ಇಳಿಯುವುದು, ಮೂವರ ಅಂಕವೂ ಲೆಕ್ಕಕ್ಕೆ. ಒಬ್ಬರು ಬಿದ್ದರೆ ಮುಚ್ಚಿಕೊಳ್ಳಲು ದಾರಿಯೇ ಇಲ್ಲ. ಒಂದು ಸಲ ಬಿದ್ದರೆ 1 ಪೂರ್ತಿ ಅಂಕ ಹೋಗುತ್ತೆ.

ಈಗ ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳಿ. ಒಬ್ಬಳು ನಾಲ್ಕೂ ವಿಭಾಗದಲ್ಲಿ 13.2 ತೆಗೆಯುತ್ತಾಳೆ, ಒಟ್ಟು 52.8. ಇನ್ನೊಬ್ಬಳು ಬಾರ್ಸ್‌ನಲ್ಲಿ 14.4 ತೆಗೆದು ಉಳಿದ ಮೂರರಲ್ಲಿ ತಲಾ 12 ಮಾತ್ರ ತೆಗೆಯುತ್ತಾಳೆ, ಒಟ್ಟು 50.4. ಪಟ್ಟಿಯಲ್ಲಿ ಮೊದಲನೆಯವಳು ಎಷ್ಟೋ ಮೇಲೆ. ಆದರೆ ತಂಡದಲ್ಲಿ ಈಗಾಗಲೇ ಇರುವವರು ವಾಲ್ಟ್, ಬೀಮ್, ಫ್ಲೋರ್ ಮೂರರಲ್ಲೂ 13.5ಕ್ಕಿಂತ ಜಾಸ್ತಿ ತೆಗೆಯುತ್ತಿದ್ದಾರೆ, ಬಾರ್ಸ್‌ನಲ್ಲಿ ಮಾತ್ರ ಮೂರನೆಯ ಅಂಕ 13.1ಕ್ಕೆ ನಿಂತಿದೆ ಅಂತ ಇಟ್ಟುಕೊಳ್ಳಿ. ಮೊದಲನೆಯವಳು ಬಂದರೆ ತಂಡಕ್ಕೆ 0.1 ಲಾಭ. ಎರಡನೆಯವಳು ಬಂದರೆ 1.3 ಲಾಭ. ಪದಕ ಕೈಗೆ ಬರುವುದು, ಕೈ ತಪ್ಪುವುದು ಇಷ್ಟರಲ್ಲೇ. ಯಾರನ್ನು ಕಳಿಸುತ್ತೀರಿ?

ಹಾಕಿ ನೋಡಿ ಬೆಳೆದ ನಮ್ಮವರಿಗೆ ಇದು ಹೊಸದೇನಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಹೊಡೆಯುವವನೇ ಇಲ್ಲದೆ ಹನ್ನೊಂದು ಜನ ಫಾರ್ವರ್ಡ್‌ಗಳನ್ನು ಯಾರೂ ಕಳಿಸಲ್ಲ.

ಸ್ಟೀಫನ್ ನೆಡೊರೊಸಿಕ್ ಹೆಸರು ನಿಮಗೆ ನೆನಪಿರಬಹುದು. ಕನ್ನಡಕದ ಹುಡುಗ, ಅಮೆರಿಕದವರು. ಅವರು ಮಾಡುವುದು ಪಾಮೆಲ್ ಹಾರ್ಸ್ ಒಂದೇ. ಆರು ವಿಭಾಗ ಇರುವ ಆಟದಲ್ಲಿ ಐದು ಜನರ ತಂಡಕ್ಕೆ, ಒಂದೇ ವಿಭಾಗ ಮಾಡುವವರನ್ನು ಸೇರಿಸಿದಾಗ ತುಂಬಾ ಜನ ಹುಬ್ಬೇರಿಸಿದರು. ಪ್ಯಾರಿಸ್‌ನ ತಂಡದ ಫೈನಲ್‌ನಲ್ಲಿ ಅಮೆರಿಕದ ಕೊನೆಯ ಸುತ್ತು ಪಾಮೆಲ್ ಹಾರ್ಸ್, ಅದರಲ್ಲೂ ಕೊನೆಯ ಸರದಿ ಇವರದು. ಅಲ್ಲಿಯವರೆಗೆ ಉಳಿದವರು ಒಂದಾದ ಮೇಲೊಂದು ಮಾಡುತ್ತಿದ್ದರೆ ಇವರು ಸುಮ್ನೆ ಕೂತಿದ್ದರು, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಒರಗಿಸಿ. ಆಮೇಲೆ ಕನ್ನಡಕ ತೆಗೆದಿಟ್ಟು ಹೋಗಿ 14.866 ತೆಗೆದರು. ತಂಡಕ್ಕೆ ಕಂಚು, 2008ರ ನಂತರ ಅಮೆರಿಕದ ಗಂಡಸರ ತಂಡಕ್ಕೆ ಸಿಕ್ಕ ಮೊದಲ ಪದಕ. ಲೆಕ್ಕಕ್ಕೆ ಬಂದ 18 ಅಂಕಗಳಲ್ಲಿ ಅವರದು ಒಂದೇ ಒಂದು. ಆ ಒಂದಕ್ಕಾಗಿಯೇ ಅವರನ್ನು ಆರಿಸಿದ್ದು. ಆಯ್ಕೆ ಅಂದರೆ ಹೀಗಿರಬೇಕು ಅಂತ ನನಗೆ ಅವತ್ತು ಮನಸ್ಸು ತುಂಬಿ ಬಂತು.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ವರ್ಷದ ರಾಷ್ಟ್ರೀಯ ತಂಡ ಬೇರೆ, ಒಂದು ಕೂಟಕ್ಕೆ ಹೋಗುವ ಐದು ಜನ ಬೇರೆ. ಅಮೆರಿಕದಲ್ಲಿ ಪ್ರತಿ ವರ್ಷ ಅವರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಮುಗಿದ ಮೇಲೆ ಆ ವರ್ಷದ ತಂಡದ ಹೆಸರು ಹೇಳುತ್ತಾರೆ. ಆಲ್‌ರೌಂಡ್ (ಎಲ್ಲಾ ವಿಭಾಗಗಳ ಒಟ್ಟು ಅಂಕದ) ಪಟ್ಟಿಯಲ್ಲಿ ಮೇಲಿರುವವರು ನೇರವಾಗಿ ಒಳಗೆ, ಉಳಿದ ಜಾಗ ಕಮಿಟಿಯ ಕೈಯಲ್ಲಿ. ವಿಶ್ವ ಚಾಂಪಿಯನ್‌ಷಿಪ್‌ಗೋ ಒಲಿಂಪಿಕ್ಸ್‌ಗೋ ಮತ್ತೆ ಸೋಸುತ್ತಾರೆ. 2024ರಲ್ಲಿ ಅವರ ಹೆಣ್ಣುಮಕ್ಕಳ ಟ್ರಯಲ್ಸ್‌ನಲ್ಲಿ ಒಟ್ಟು ಅಂಕದಲ್ಲಿ ಮೊದಲು ಬಂದವರಿಗೆ ಮಾತ್ರ ಜಾಗ ಖಾತ್ರಿ ಇತ್ತು. ಸಿಮೋನ್ ಬೈಲ್ಸ್ ಅದನ್ನು ಪಡೆದರು, ಉಳಿದ ನಾಲ್ವರನ್ನು ಕಮಿಟಿ ಆರಿಸಿತು. ನನಗೆ ಹಿಡಿಸಿದ್ದು ಏನಂದರೆ, ಎಷ್ಟು ಜಾಗ ಅಂಕಕ್ಕೆ, ಎಷ್ಟು ಜಾಗ ಕಮಿಟಿಗೆ ಅನ್ನುವುದು ಆಟಗಾರರಿಗೆ ಮೊದಲೇ ಗೊತ್ತಿತ್ತು.

ನಮ್ಮ ದೇಶದಲ್ಲಿ ದಾರಿ ಹೀಗಿದೆ. ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರೀಯ ಚಾಂಪಿಯನ್‌ಷಿಪ್. ಪಕ್ಕದಲ್ಲಿ ಶಾಲಾ ಕ್ರೀಡಾಕೂಟ, ಖೇಲೋ ಇಂಡಿಯಾ. ಅಲ್ಲಿ ಚೆನ್ನಾಗಿ ಮಾಡಿದವರು ಶಿಬಿರದ ಸಂಭಾವ್ಯರ ಪಟ್ಟಿಗೆ ಬರುತ್ತಾರೆ, ನಂತರ ಆಯ್ಕೆ ಟ್ರಯಲ್ಸ್. ಹೆಸರು ಕಳಿಸುವುದು ಜಿಮ್ನಾಸ್ಟಿಕ್ಸ್ ಫೆಡರೇಷನ್. ಆದರೆ ಏಷ್ಯನ್ ಗೇಮ್ಸ್‌ನಂಥ ಕೂಟಕ್ಕೆ ಕ್ರೀಡಾ ಸಚಿವಾಲಯದ ಮಾನದಂಡವನ್ನೂ ದಾಟಬೇಕು.

ದೀಪಾ ಕರ್ಮಾಕರ್ ವಿಷಯದಲ್ಲಿ ಆಗಿದ್ದು ಇದೇ. ಅಗರ್ತಲಾದ ದೀಪಾ 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ 15.066 ಅಂಕ ಪಡೆದು 4ನೇ ಸ್ಥಾನಕ್ಕೆ ಬಂದವರು. 1964ರ ನಂತರ ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಜಿಮ್ನಾಸ್ಟ್. ಮುಂದೆ ನಿಷೇಧಿತ ಮದ್ದಿನ ವಿಷಯದಲ್ಲಿ 21 ತಿಂಗಳ ಅಮಾನತು ಬಂತು, ಅದು ಮುಗಿದಿದ್ದು 2023ರ ಜುಲೈನಲ್ಲಿ. ಅದೇ ತಿಂಗಳು ಏಷ್ಯನ್ ಗೇಮ್ಸ್ ಟ್ರಯಲ್ಸ್‌ಗೆ ಇಳಿದರು, ಮೊದಲ ಸ್ಥಾನ ಪಡೆದರು. ಆದರೂ ಕೂಟ ನಡೆದ ಚೀನಾದ ಹ್ಯಾಂಗ್‌ಝೌಗೆ ಹೋಗಲಿಲ್ಲ. ಕಳೆದ 12 ತಿಂಗಳಲ್ಲಿ, ಹಿಂದಿನ ಏಷ್ಯನ್ ಗೇಮ್ಸ್‌ನ 8ನೇ ಸ್ಥಾನದ ಮಟ್ಟಕ್ಕೆ ಕಡಿಮೆ ಇಲ್ಲದ ಸಾಧನೆ ಇರಬೇಕು ಅನ್ನುವುದು ಆಗಿನ ಮಾನದಂಡವಾಗಿತ್ತು. ಅಮಾನತಿನಲ್ಲಿದ್ದವರಿಗೆ ಆ 12 ತಿಂಗಳಲ್ಲಿ ಸ್ಪರ್ಧೆಯೇ ಇಲ್ಲ, ಸಾಧನೆ ಎಲ್ಲಿಂದ ಬರಬೇಕು? ಮುಂದಿನ ವರ್ಷ, 2024ರ ಮೇ ತಿಂಗಳಲ್ಲಿ, ತಾಷ್ಕೆಂಟ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ ವಾಲ್ಟ್ ಚಿನ್ನ ಗೆದ್ದರು. ಆ ಚಿನ್ನ ಗೆದ್ದ ಮೊದಲ ಭಾರತೀಯರು ಅವರೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು.

ಮಾನದಂಡ ಇರುವುದೇ ತಪ್ಪು ಅಂತ ನಾನು ಹೇಳಲ್ಲ. ಸರ್ಕಾರದ ದುಡ್ಡಲ್ಲಿ ಕಳಿಸುವಾಗ ಒಂದು ಮಟ್ಟ ಬೇಕು. ಆದರೆ ಟ್ರಯಲ್ಸ್‌ಗೆ ಕರೆದ ಮೇಲೆ ಟ್ರಯಲ್ಸ್‌ನ ಅಂಕಕ್ಕೆ ತೂಕ ಇರಬೇಕು. ಗಾಯದಿಂದಲೋ ಅಮಾನತಿನಿಂದಲೋ ವಾಪಸ್ ಬಂದವರನ್ನು ಹೇಗೆ ಅಳೆಯುತ್ತೇವೆ ಅನ್ನುವುದು ನಿಯಮದಲ್ಲೇ ಬರೆದಿರಬೇಕು. ಜಿಮ್ನಾಸ್ಟ್‌ಗಳ ಒಳ್ಳೆಯ ವರ್ಷಗಳು ತುಂಬಾ ಕಡಿಮೆ. ಒಂದು ಏಷ್ಯನ್ ಗೇಮ್ಸ್ ತಪ್ಪಿದರೆ ಮುಂದಿನದಕ್ಕೆ ಮೈ ಒಪ್ಪುತ್ತೋ ಇಲ್ಲವೋ.

ಕೊಡಗಿನವರಿಗೆ ಆಯ್ಕೆ ಅನ್ನುವ ಮಾತೇ ಯಾಕೆ ಕಹಿ ಅನ್ನಿಸುತ್ತೆ ಅಂತ ನನಗೆ ಗೊತ್ತು. ನಮ್ಮ ಕೊಡವ ಹಾಕಿ ಉತ್ಸವದಲ್ಲಿ ಒಕ್ಕದ (ಕೊಡವ ಮನೆತನದ) ಹೆಸರೇ ಅರ್ಹತೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿದವು. ಅಪ್ಪ, ಮಗಳು, ಅಜ್ಜ ಒಂದೇ ತಂಡದಲ್ಲಿ ಆಡುವುದನ್ನು ನೋಡಿದ ಕಣ್ಣಿಗೆ 0.1ಕ್ಕಾಗಿ ಒಬ್ಬ ಹುಡುಗಿಯನ್ನು ಬಿಡುವುದು ಕಟುವಾಗಿ ಕಾಣುತ್ತೆ. ಉತ್ಸವ ಇರುವುದು ಎಲ್ಲರೂ ಆಡಲಿ ಅಂತ, ರಾಷ್ಟ್ರೀಯ ತಂಡ ಇರುವುದು ಅಂಕ ಬರಲಿ ಅಂತ. ಎರಡೂ ಬೇಕು.

ಇನ್ನು ನಿಮ್ಮ ಮಗು ಇದೇ ದಾರಿಯಲ್ಲಿ ಇದ್ದರೆ, ಸ್ಥಾನ ನೋಡುವುದಕ್ಕಿಂತ ಅಂಕದ ಹಾಳೆ ನೋಡಿ. ಅದರಲ್ಲಿ ಡಿ ಅಂಕ, ಇ ಅಂಕ ಅಂತ ಎರಡು ಇರುತ್ತೆ. ಡಿ ಅಂದರೆ ಮಾಡಿದ್ದು ಎಷ್ಟು ಕಷ್ಟದ್ದು ಅಂತ. ಇ ಅಂದರೆ ಎಷ್ಟು ಚೊಕ್ಕವಾಗಿ ಮಾಡಿದ್ದು ಅಂತ, 10ರಿಂದ ಕಳೆಯುತ್ತಾ ಬರುತ್ತಾರೆ. ಕಾಲು ಸೇರಿಸದೆ, ಮಂಡಿ ಬಗ್ಗಿಸಿ ಕಷ್ಟದ್ದನ್ನು ಮಾಡಿ ಚಿಕ್ಕ ವಯಸ್ಸಲ್ಲಿ ಪದಕ ತಂದವರು ಎಷ್ಟೋ ಜನ ಆಮೇಲೆ ಆ ಅಭ್ಯಾಸ ಬಿಡಿಸಿಕೊಳ್ಳಲಾಗದೆ ಒದ್ದಾಡುತ್ತಾರೆ. ಅಂತರರಾಷ್ಟ್ರೀಯ ಸೀನಿಯರ್ ವಿಭಾಗಕ್ಕೆ ಹುಡುಗಿಯರಿಗೆ ಆ ವರ್ಷ 16 ತುಂಬಬೇಕು, ಹುಡುಗರಿಗೆ 18. ಒಂಬತ್ತು ವರ್ಷದ ಮಗಳು ರಾಜ್ಯ ಮಟ್ಟದಲ್ಲಿ ಹನ್ನೆರಡನೆಯವಳಾಗಿ ಬಂದಳು ಅಂತ ಬೇಜಾರು ಮಾಡಿಕೊಂಡು ಬಂದವರಿಗೆ ನಾನು ಇ ಅಂಕ ತೋರಿಸಿಯೇ ಮಾತು ಶುರು ಮಾಡುವುದು. ಅದು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಜಿಮ್ನಾಸ್ಟಿಕ್ಸ್ ಬಿಡಿಸಬೇಡಿ.